ಗೀಸರ್ ದುರಸ್ತಿಯ ಹೆಸರಿನಲ್ಲಿ ಅರ್ಥ್ ವೈರ್ ಕತ್ತರಿಸಿದ ಬಗ್ಗೆ ದೂರು

ಕೋಲಾರ
20 ಜನವರಿ 2025

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ನೀರು ಕಾಯಿಸುವ ಕಾಯಿಲ್‌ನ ದೋಷವನ್ನು ಪತ್ತೆ ಮಾಡದೆ, ಟ್ರಿಪ್ ಆಗುವುದನ್ನು ನಿಲ್ಲಿಸಲು ತಮ್ಮ ತಂತ್ರಜ್ಞರು ಗೀಸರಿನ ಅರ್ಥ್ ವೈರ್ ಕತ್ತರಿಸಿರುವ ಬಗ್ಗೆ.

ಮಾನ್ಯರೇ,

2022ರ ದೀಪಾವಳಿಯ ಸಮಯದಲ್ಲಿ ತಮ್ಮ ಕಂಪನಿಯ 25 ಲೀಟರ್, 2000 ವಾಟ್ ಸಾಮರ್ಥ್ಯದ ಗೀಸರನ್ನು ಕೊಂಡು ನಮ್ಮ ಬಚ್ಚಲುಮನೆಯಲ್ಲಿ ಹಾಕಿಸಿದ್ದೆವು. ವಾರಂಟಿ ಕಾರ್ಡಿನಲ್ಲಿ ಇಡೀ ಗೀಸರಿಗೆ 2 ವರ್ಷ, ಕಾಯಿಲ್‌ಗೆ 4 ವರ್ಷ ಎಂದು ನಮೂದಿಸಿದೆ. ಯಂತ್ರವೆಂದ ಮೇಲೆ ಕೆಡುವುದು ಸಹಜ, ಅದಕ್ಕಾಗಿಯೇ ಆಗಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಕೆಟ್ಟದ್ದನ್ನು ಸರಿಪಡಿಸಲೆಂದು ತಾವು ಕಳುಹಿಸಿದವರು ಮಾಡಿಹೋದ ಕೆಲಸದಿಂದ, ಸಂಕ್ರಾಂತಿಯ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಹೋದ 72 ವರ್ಷದ ನನ್ನ ತಾಯಿಗೆ ಕರೆಂಟ್ ಹೊಡೆದಿದೆ. ಆದುದರಿಂದ ನಡೆದದ್ದನ್ನು ಮೊದಲಿನಿಂದ ತಿಳಿಸುತ್ತಿದ್ದೇನೆ.

ಡಿಸೆಂಬರ್ ಮೊದಲ ವಾರದಲ್ಲಿ ತೊಂದರೆ ಶುರುವಾಯಿತು. ಗೀಸರ್ ಹಾಕಿದ ಕೂಡಲೇ ಏನೂ ಆಗುತ್ತಿರಲಿಲ್ಲ. ನಾಲ್ಕೈದು ನಿಮಿಷ ಕಳೆದು ನೀರು ಬೆಚ್ಚಗಾಗುವ ಹೊತ್ತಿಗೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗಿ ಇಡೀ ಮನೆಯ ವಿದ್ಯುತ್ ಹೋಗುತ್ತಿತ್ತು. ಗೀಸರಿಗೆಂದೇ ಇರುವ 20 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಒಮ್ಮೆಯೂ ಬೀಳಲಿಲ್ಲ. ಈ ಒಂದು ವಿವರವೇ ಸಾಕಷ್ಟು ಹೇಳುತ್ತದೆ ಎಂದು ನನಗೆ ಆಮೇಲೆ ತಿಳಿಯಿತು: ಶಾರ್ಟ್ ಆಗಿದ್ದರೆ ಅಥವಾ ಲೋಡ್ ಹೆಚ್ಚಾಗಿದ್ದರೆ ಎಂಸಿಬಿ ಬೀಳಬೇಕು, ಆರ್‌ಸಿಸಿಬಿ ಮಾತ್ರ ಬೀಳುತ್ತಿದೆಯೆಂದರೆ ಎಲ್ಲಿಂದಲೋ ಕರೆಂಟ್ ಅರ್ಥ್‌ಗೆ ಸೋರುತ್ತಿದೆ ಎಂದರ್ಥ. ಟ್ರಿಪ್ ಆಗುವುದು ಬಿಸಿಯಾದ ಮೇಲೆಯೇ ಆದುದರಿಂದ ಮೊದಲು ಅನುಮಾನಿಸಬೇಕಾದದ್ದು ಕಾಯಿಲನ್ನು.

ಡಿಸೆಂಬರ್ 9ರಂದು ಬಂದ ತಂತ್ರಜ್ಞರು ಕಾಯಿಲ್‌ನ ಎರಡು ತುದಿಗಳಿಗೆ ಮಲ್ಟಿಮೀಟರ್ ಇಟ್ಟು, 26 ಓಮ್ ಚಿಲ್ಲರೆ ತೋರಿಸಿದ್ದನ್ನು ನೋಡಿ, ಕಾಯಿಲ್ ಚೆನ್ನಾಗಿದೆ ಎಂದರು. ಅವರು ಓದಿದ ಅಂಕಿ ಸರಿಯಾದದ್ದೇ. 230 ವೋಲ್ಟ್‌ನಲ್ಲಿ 2000 ವಾಟ್ ಎಳೆಯುವ ಕಾಯಿಲ್ ಅಷ್ಟೇ ತೋರಿಸಬೇಕು. ಆದರೆ ಆ ಪರೀಕ್ಷೆಯಿಂದ ತಿಳಿಯುವುದು ಒಳಗಿನ ತಂತಿ ತುಂಡಾಗಿಲ್ಲ ಎಂಬುದಷ್ಟೇ. ತಂತಿಯಿಂದ ಹೊರಗಿನ ಲೋಹದ ಕೊಳವೆಗೆ ಕರೆಂಟ್ ಸೋರುತ್ತಿದೆಯೇ ಎಂಬ ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅದನ್ನು ನೋಡದೆಯೇ ಥರ್ಮೋಸ್ಟಾಟ್ ಬದಲಾಯಿಸಿ, ಅದಕ್ಕೆ ವಾರಂಟಿ ಇಲ್ಲವೆಂದು ಭೇಟಿ ಶುಲ್ಕ ಸೇರಿಸಿ 1,150 ರೂಪಾಯಿ ಪಡೆದು ಹೋದರು. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ಟ್ರಿಪ್ ಆಯಿತು.

ಡಿಸೆಂಬರ್ 18ರಂದು ಬಂದ ಇನ್ನೊಬ್ಬರು ಮುಚ್ಚಳವನ್ನೂ ತೆಗೆಯದೆ, ನಿಮ್ಮ ಮನೆಯ ವೈರಿಂಗ್ ಸರಿಯಿಲ್ಲ, ಅರ್ಥಿಂಗ್ ಮಾಡಿಸಿಕೊಳ್ಳಿ ಎಂದು ಹೇಳಿ ಹೊರಟರು. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ಅರ್ಧ ಗಂಟೆ ಬಳಸಿದರೂ ಟ್ರಿಪ್ ಆಗದಿರುವುದನ್ನು ನಾನು ಹೇಳಿದರೆ ಅವರು ಕೇಳಿಸಿಕೊಳ್ಳಲಿಲ್ಲ.

ಜನವರಿ 3ರಂದು ಬಂದವರು ಮೊದಲನೆಯ ಸಲ ಬಂದಿದ್ದವರೇ. ಹತ್ತು ನಿಮಿಷ ಕೆಲಸ ಮಾಡಿ, ಗೀಸರ್ ಹಾಕಿ, ಇಪ್ಪತ್ತು ನಿಮಿಷ ಕಾದು, ನೋಡಿ ಮೇಡಂ, ಈಗ ಟ್ರಿಪ್ ಆಗುತ್ತಿಲ್ಲ ಎಂದು ತೋರಿಸಿದರು. ಏನು ಮಾಡಿದಿರಿ ಎಂದು ಕೇಳಿದಾಗ, ಕನೆಕ್ಷನ್ ಲೂಸ್ ಇತ್ತು, ಸರಿ ಮಾಡಿದೆ ಎಂದರು. ನಾನು ನಂಬಿದೆ, ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಅದಾದ ಹನ್ನೊಂದನೆಯ ದಿನ ಸಂಕ್ರಾಂತಿ. ತಾಯಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮೊಣಕೈವರೆಗೆ ಜುಮ್ಮೆಂದು ಕೈ ಕಿತ್ತುಕೊಂಡರು. ಗೋಡೆಗೆ ಒರಗಿಕೊಂಡಿದ್ದರಿಂದ ಬೀಳಲಿಲ್ಲ. ಕೂಗಿದ್ದು ಕೇಳಿ ನಾನು ಓಡಿಹೋಗಿ ಹೊರಗಿನ ಸ್ವಿಚ್ ಆರಿಸಿದೆ. ಅವರ ಕೈ ಬಹಳ ಹೊತ್ತು ನಡುಗುತ್ತಲೇ ಇತ್ತು. ಹಬ್ಬದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅದೇ ಸಂಜೆ ಲೈಸೆನ್ಸ್ ಹೊಂದಿದ ಸ್ಥಳೀಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಮೊದಲು ಸಾಕೆಟ್ ಪರೀಕ್ಷಿಸಿದರು. ಫೇಸ್ ಮತ್ತು ಅರ್ಥ್ ನಡುವೆ 231 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೂವರೆ ವೋಲ್ಟ್ ಬಂತು. ಮನೆಯ ಅರ್ಥಿಂಗ್ ಸರಿಯಾಗಿಯೇ ಇತ್ತು. ಆಮೇಲೆ ಗೀಸರಿನ ತ್ರೀ ಪಿನ್ ಟಾಪ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕೆಂಪು, ಕಪ್ಪು ವೈರುಗಳು ತಮ್ಮ ತಮ್ಮ ಸ್ಕ್ರೂಗಳಲ್ಲಿದ್ದವು. ದಪ್ಪ ಪಿನ್ನಿಗೆ ಸೇರಬೇಕಾದ ಹಸಿರು ವೈರನ್ನು ನೀಟಾಗಿ ಕತ್ತರಿಸಿ, ತುದಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಹಿಂದಕ್ಕೆ ಮಡಚಿ ಒಳಗೆ ತುರುಕಲಾಗಿತ್ತು. ತಾನಾಗಿ ಕಳಚಿದ ವೈರಿಗೆ ಯಾರೂ ಟೇಪ್ ಸುತ್ತಿರುವುದಿಲ್ಲ.

ಇದರ ಅರ್ಥವೇನೆಂದು ತಮಗೆ ನಾನು ವಿವರಿಸಬೇಕಾಗಿ ಬಂದಿರುವುದೇ ನೋವಿನ ಸಂಗತಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತಿದೆಯೇ ಎಂದು ಆರ್‌ಸಿಸಿಬಿ ಹೋಲಿಸಿ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಲೈನ್ ಕಡಿಯುತ್ತದೆ. ಅರ್ಥ್ ವೈರ್ ಇದ್ದಷ್ಟು ದಿನ ಸೋರಿದ ಕರೆಂಟ್ ಅದರ ಮೂಲಕ ಹರಿದು, ಆರ್‌ಸಿಸಿಬಿ ಬಿದ್ದು, ನಾವು ಸುರಕ್ಷಿತವಾಗಿದ್ದೆವು. ಅದನ್ನು ಕತ್ತರಿಸಿದ ಮೇಲೆ ಸೋರಿಕೆ ನಿಲ್ಲಲಿಲ್ಲ, ಹರಿಯುವ ದಾರಿ ಮಾತ್ರ ಇಲ್ಲವಾಯಿತು. ನಮ್ಮ ಮನೆಯ ಪೈಪುಗಳೆಲ್ಲ ಪ್ಲಾಸ್ಟಿಕ್ಕಿನವು, ಅವುಗಳ ಮೂಲಕ ಭೂಮಿಗೆ ಇಳಿಯುವ ದಾರಿಯೂ ಇಲ್ಲ. ಹೀಗಾಗಿ ಟ್ಯಾಂಕ್, ಅದರೊಳಗಿನ ನೀರು, ನಲ್ಲಿ ಎಲ್ಲಕ್ಕೂ ಕರೆಂಟ್ ಬಂದು, ನನ್ನ ತಾಯಿಯ ಮೈ ಭೂಮಿಗೆ ದಾರಿಯಾಯಿತು. ಆರ್‌ಸಿಸಿಬಿಯನ್ನು ಬೀಳಿಸಲು ಸಾಲದಷ್ಟು, ಆದರೆ ವಯಸ್ಸಾದವರನ್ನು ಬೀಳಿಸಲು ಸಾಕಾಗುವಷ್ಟು ಕರೆಂಟ್ ಅದು.

ನಿಜವಾದ ದೋಷ ಪತ್ತೆಯಾಗಲು ಎಲೆಕ್ಟ್ರಿಷಿಯನ್ನರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕಾಯಿಲ್‌ನ ಎರಡೂ ವೈರುಗಳನ್ನು ಬಿಚ್ಚಿ 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ನೋಡಿದಾಗ ಥರ್ಮೋಸ್ಟಾಟ್ ಮತ್ತು ಒಳಗಿನ ವೈರಿಂಗ್‌ನಲ್ಲಿ ಯಾವ ಸೋರಿಕೆಯೂ ಕಾಣಲಿಲ್ಲ. ಕಾಯಿಲ್ ಮತ್ತು ಟ್ಯಾಂಕ್ ನಡುವೆ ಮಾತ್ರ 0.2 ಮೆಗಾಓಮ್ ಬಂತು. ಕನಿಷ್ಠ 1 ಮೆಗಾಓಮ್ ಆದರೂ ಇರಬೇಕೆಂದು ಅವರು ಹೇಳಿದರು. ಅದು ತಣ್ಣಗಿದ್ದಾಗಿನ ಅಂಕಿ. ನಮ್ಮ ಕೋಲಾರದ ಬೋರ್‌ವೆಲ್ ನೀರು ಬಹಳ ಗಡಸು. ಹಾಲು ಕಾಯಿಸುವ ಪಾತ್ರೆಯಲ್ಲಿ ನಾಲ್ಕು ದಿನ ನೀರು ಕಾಯಿಸಿದರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಕಾಯಿಲ್ ಮೇಲೂ ಅದೇ ಪದರ ಕಟ್ಟಿ, ಶಾಖ ನೀರಿಗೆ ಇಳಿಯದೆ, ಕೊಳವೆ ಅತಿಯಾಗಿ ಕಾದು ಸೀಳು ಬಿಟ್ಟು, ಕರೆಂಟ್ ಹೊರಬಾರದಂತೆ ಒಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ತೇವ ಸೇರಿರಬೇಕು, ಬಿಸಿಯಾದಂತೆ ಸೀಳು ಬಾಯಿ ಬಿಡುತ್ತಿರಬೇಕು ಎಂಬುದು ಅವರ ಅಭಿಪ್ರಾಯ. ವಾರಂಟಿ ಕೈತಪ್ಪಬಾರದೆಂದು ಕಾಯಿಲನ್ನು ನಾವು ಹೊರತೆಗೆದಿಲ್ಲ. ತಮ್ಮವರೇ ತೆಗೆದು ನೋಡಲಿ.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ಕಾಯಿಲನ್ನು ವಾರಂಟಿಯಲ್ಲಿ ಬದಲಾಯಿಸಿ, ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡ್ ಸವೆದಿದ್ದರೆ ಅದನ್ನೂ ಹೊಸದಾಗಿ ಹಾಕಿ, ಮೆಗ್ಗರ್ ಅಂಕಿಯನ್ನು ಸರ್ವೀಸ್ ಚೀಟಿಯಲ್ಲಿ ಬರೆದುಕೊಡಬೇಕು. ಬೇಕಿಲ್ಲದ ಥರ್ಮೋಸ್ಟಾಟ್‌ಗೆ ಪಡೆದ 1,150 ರೂಪಾಯಿ ಹಿಂದಿರುಗಿಸಬೇಕು. ಇವೆರಡಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದಿದೆ: ಈ ತಂತ್ರಜ್ಞರು ಟ್ರಿಪ್ ಆಗುವ ದೂರಿಗೆಂದು ಹೋಗಿಬಂದ ಎಲ್ಲ ಮನೆಗಳ ಪಟ್ಟಿ ತೆಗೆದು, ಒಂದೊಂದು ಮನೆಗೂ ಇಂದೇ ಫೋನ್ ಮಾಡಿ ಗೀಸರ್ ಬಳಸಬೇಡಿರೆಂದು ತಿಳಿಸಿ, ಟಾಪ್ ಬಿಚ್ಚಿಸಿ ನೋಡಬೇಕು. ಅಷ್ಟು ಅಚ್ಚುಕಟ್ಟಾಗಿ ಟೇಪ್ ಸುತ್ತಿದ ಕೈ ಆ ಕೆಲಸವನ್ನು ನಮ್ಮ ಮನೆಯಲ್ಲೇ ಮೊದಲ ಬಾರಿಗೆ ಮಾಡಿತೆಂದು ನನಗನಿಸುವುದಿಲ್ಲ. ಆ ಹುಡುಗನ ಕೆಲಸ ಹೋಗಬೇಕೆಂದು ನಾನು ಕೇಳುತ್ತಿಲ್ಲ. ಮೂರು ಭೇಟಿಗಳಲ್ಲಿ ಯಾರ ಚೀಲದಲ್ಲೂ ಮೆಗ್ಗರ್ ಇರಲಿಲ್ಲ. ಅದನ್ನು ಕೊಡುವುದು, ಬಳಸಲು ಕಲಿಸುವುದು ಕಂಪನಿಯ ಹೊಣೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಖರೀದಿ ರಸೀದಿ, ಮೂರು ಸರ್ವೀಸ್ ಚೀಟಿಗಳು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ, ಬಿಚ್ಚಿದ ಟಾಪಿನ ಫೋಟೋಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಕತ್ತರಿಸಿದ ವೈರ್ ಇರುವ ಆ ಟಾಪನ್ನು ಹಾಗೆಯೇ ತೆಗೆದಿಟ್ಟಿದ್ದೇನೆ. ಗೀಸರಿನ ಎಂಸಿಬಿ ಆರಿಸಿ ಮೇಲೆ ಚೀಟಿ ಅಂಟಿಸಿದ್ದೇನೆ. ತಾಯಿಗೆ ಸದ್ಯ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ ಬಕೆಟ್ಟಿನಲ್ಲಿ ಕೊಡುತ್ತಿದ್ದೇವೆ. ನಲ್ಲಿಯನ್ನು ಅವರು ಈಗ ಬಟ್ಟೆ ಹಿಡಿದು ತಿರುಗಿಸುತ್ತಾರೆ. ತಮ್ಮ ಎಂಜಿನಿಯರ್ ಬೆಳಿಗ್ಗೆ 8 ಗಂಟೆಯ ನಂತರ ಯಾವ ದಿನವಾದರೂ ಬರಬಹುದು, ಬರುವಾಗ ಮೆಗ್ಗರ್ ತರಲಿ.

ಇಂತಿ ತಮ್ಮ ವಿಶ್ವಾಸಿ,
ಕೋಲಾರದ ಗ್ರಾಹಕಿ