ವಿಷಯ: ಇಮ್ಯುನಿಟಿ ಕ್ಯಾಪ್ಸೂಲಿನಲ್ಲಿ ಜೇಷ್ಠಮಧು ಎಷ್ಟಿದೆ ಎಂದು ಹೇಳದ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು

ಇವರಿಂದ,
ನಿಮ್ಮ ಗ್ರಾಹಕಿ, ಅಂಬಲಪಾಡಿ, ಉಡುಪಿ
(ಆರ್ಡರ್ ನಂಬರ್, ಬ್ಯಾಚ್ ನಂಬರ್ ಮತ್ತು ಡಬ್ಬಿಯ ಫೋಟೋ ಲಗತ್ತಿಸಿದ್ದೇನೆ)

ಮಾನ್ಯರೇ,

ನಿಮ್ಮ ಒಂದು ಕ್ಯಾಪ್ಸೂಲಿನಲ್ಲಿ ಜೇಷ್ಠಮಧು ಎಷ್ಟು ಮಿಲಿಗ್ರಾಂ ಇದೆ? ಈ ಪತ್ರದ ಮುಖ್ಯ ಪ್ರಶ್ನೆ ಇಷ್ಟೇ. ಇದನ್ನು ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. ವಾಟ್ಸಾಪ್‌ನಲ್ಲಿ ಕೇಳಿದೆ. ಮೇಲ್ ಹಾಕಿದೆ. ಬಂದದ್ದು ಹಸಿರು ಎಲೆಯ ಚಿತ್ರ, ಕೈಮುಗಿಯುವ ಚಿತ್ರ, ಜೊತೆಗೆ ಮುಂದಿನ ಆರ್ಡರಿಗೆ ರಿಯಾಯಿತಿ ಕೂಪನ್. ಹಾಗಾಗಿ ಈಗ ಸರಿಯಾಗಿ ದೂರು ಬರೆಯುತ್ತಿದ್ದೇನೆ.

ಕ್ಯಾಪ್ಸೂಲ್ ತರಿಸಿದ್ದು ನನ್ನ ಅಮ್ಮನಿಗೆ. ಅವರಿಗೆ 68 ವರ್ಷ. ಬಿಪಿ ಇದೆ, ತುಂಬಾ ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಾರೆ, ಹತೋಟಿಯಲ್ಲೇ ಇತ್ತು. ಮಳೆ ಹಿಡಿಯಿತೆಂದರೆ ನಮ್ಮ ಕಡೆ ಶೀತ, ಕೆಮ್ಮು, ಜ್ವರ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತಲೇ ಇರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಿಮ್ಮ ಜಾಹೀರಾತು ಫೋನಿಗೆ ಬಂತು. ಅದೂ ಅಚ್ಚ ಕನ್ನಡದಲ್ಲಿ, ನಮ್ಮ ತುಳುನಾಡಿನ ಮಳೆಗಾಲದ ಆಟಿ ತಿಂಗಳ ಹೆಸರು ಹಿಡಿದು: "ಆಟಿಯ ಕಹಿ ಕಷಾಯ ಇನ್ನು ಬೇಡ, ದಿನಕ್ಕೆ ಎರಡು ಕ್ಯಾಪ್ಸೂಲ್ ಸಾಕು. ನೂರಕ್ಕೆ ನೂರು ನೈಸರ್ಗಿಕ. ಮನೆಮಂದಿಗೆಲ್ಲ. ಅಡ್ಡ ಪರಿಣಾಮ ಇಲ್ಲವೇ ಇಲ್ಲ." 60 ಕ್ಯಾಪ್ಸೂಲಿನ ಡಬ್ಬಿಗೆ 1,299 ರೂಪಾಯಿ.

ಅಮ್ಮ ನೀವು ಹೇಳಿದಂತೆಯೇ ತೆಗೆದುಕೊಂಡರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಕೆಲವು ವಾರ ಕಳೆಯುವಷ್ಟರಲ್ಲಿ ಪಾದ ಬಾತುಕೊಂಡಿತು. ರಾತ್ರಿ ಮೀನಖಂಡ ಸೆಳೆಯುತ್ತಿತ್ತು. ಅಂಗಳ ದಾಟಿ ಬಾವಿಕಟ್ಟೆಗೆ ಹೋಗಿ ಬರುವುದಕ್ಕೂ ಸುಸ್ತು. ಡಾಕ್ಟರಲ್ಲಿಗೆ ಕರೆದುಕೊಂಡು ಹೋದಾಗ ಬಿಪಿ 170/100. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂತು. ಅದು 3.5ಕ್ಕಿಂತ ಕೆಳಗೆ ಇಳಿಯಬಾರದು. "ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಡಾಕ್ಟರು ಕೇಳಿದರು. "ಔಷಧ ಎಂತದೂ ಇಲ್ಲ ಡಾಕ್ಟ್ರೇ, ಶಕ್ತಿಗೆ ಒಂದು ಕ್ಯಾಪ್ಸೂಲ್ ಅಷ್ಟೇ" ಎಂದರು ಅಮ್ಮ. ಆ ಉತ್ತರದಲ್ಲಿ ಅಮ್ಮನ ತಪ್ಪೇನೂ ಇಲ್ಲ. ಹಾಗೆ ಅಂದುಕೊಳ್ಳಲಿ ಎಂದೇ ಅಲ್ವಾ ನೀವು ಜಾಹೀರಾತು ಮಾಡುವುದು?

ಡಾಕ್ಟರು ಡಬ್ಬಿ ತರಿಸಿ ನೋಡಿದರು. ಅಮೃತಬಳ್ಳಿ, ಅಶ್ವಗಂಧ, ಜೇಷ್ಠಮಧು, ತುಳಸಿ, ನೆಲ್ಲಿಕಾಯಿ, ಅರಸಿನ, ಕಾಳುಮೆಣಸು. ಎಲ್ಲಾ ಸೇರಿ "ವಿಶೇಷ ಗಿಡಮೂಲಿಕೆ ಮಿಶ್ರಣ, 700 ಮಿಲಿಗ್ರಾಂ". ಯಾವುದು ಎಷ್ಟು ಎಂದು ಎಲ್ಲೂ ಇಲ್ಲ. ಅವರ ಬೆರಳು ಜೇಷ್ಠಮಧುವಿನ ಮೇಲೆ ನಿಂತಿತು. ಅದರಲ್ಲಿರುವ ಗ್ಲೈಸಿರೈಜಿನ್ ಜಾಸ್ತಿ ದಿನ ಹೊಟ್ಟೆಗೆ ಹೋದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ಬಿಪಿ ಏರುತ್ತದೆ ಎಂದರು. ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಇದೆ. ಅದೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಎರಡೂ ಸೇರಿದರೆ ಎದೆಬಡಿತವೇ ತಪ್ಪಬಹುದು. ಇದು ಹೊಸ ಸಂಶೋಧನೆ ಏನೂ ಅಲ್ಲ. ವೈದ್ಯರಿಗೆ ಹಳೆಯ ವಿಷಯ. ದಿನಕ್ಕೆ 100 ಮಿಲಿಗ್ರಾಂ ಗ್ಲೈಸಿರೈಜಿನ್ ದಾಟಬಾರದು ಎಂದು ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲೇ ಹೇಳಿದೆ. ಗ್ಲೈಸಿರೈಜಿನ್ ತೆಗೆದ ಜೇಷ್ಠಮಧು ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೀವು ಹಾಕಿದ್ದು ಯಾವುದು? ಬೇರಿನ ಪುಡಿಯಾ, ಗಟ್ಟಿ ಮಾಡಿದ ಸಾರವಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಕ್ಯಾಪ್ಸೂಲ್ ನಿಲ್ಲಿಸಿ, ಡಾಕ್ಟರು ಕೊಟ್ಟ ಪೊಟ್ಯಾಸಿಯಂ ಸಿರಪ್ ಕುಡಿದ ಮೇಲೆ ಬಾವು ಇಳಿಯಿತು, ಬಿಪಿಯೂ ಮೊದಲಿನ ಮಟ್ಟಕ್ಕೆ ಬಂತು. ನಿಮ್ಮ ಕ್ಯಾಪ್ಸೂಲೇ ಕಾರಣ ಎಂದು ನಾನು ಆಣೆ ಹಾಕಿ ಹೇಳುತ್ತಿಲ್ಲ. ಹೌದೋ ಅಲ್ಲವೋ ಎಂದು ಹೇಳಲು ಬೇಕಾದ ಅಂಕಿ ಇರುವುದು ನಿಮ್ಮ ಹತ್ತಿರ. ಅದನ್ನೇ ನೀವು ಕೊಡುತ್ತಿಲ್ಲ.

ನನಗೆ ಅತ್ಯಂತ ಸಿಟ್ಟು ಬಂದದ್ದು ಇದಕ್ಕೂ ಮೊದಲು ನಡೆದ ಒಂದು ಮಾತುಕತೆಗೆ. ಪಾದ ಬಾತಾಗ ಅಮ್ಮ ನನಗೆ ಹೇಳದೆ, ಡಬ್ಬಿಯ ಮೇಲಿನ ನಂಬರಿಗೆ ತಾವೇ ವಾಟ್ಸಾಪ್ ಮಾಡಿದ್ದರು. "ಹೆಲ್ತ್ ಎಕ್ಸ್‌ಪರ್ಟ್" ಎಂದು ಹೇಳಿಕೊಂಡವರೊಬ್ಬರು ಕೊಟ್ಟ ಉತ್ತರ ಹೀಗಿದೆ: "ಗಾಬರಿ ಬೇಡ ಅಮ್ಮಾ, ಇದು ಡಿಟಾಕ್ಸ್ ಲಕ್ಷಣ. ದೇಹದ ವಿಷ ಹೊರಗೆ ಬರುತ್ತಿದೆ. ನಿಲ್ಲಿಸಬೇಡಿ, ಮುಂದುವರಿಸಿ." ಬಿಪಿ ಇದೆಯಾ, ಯಾವ ಮಾತ್ರೆ ನಡೆಯುತ್ತಿದೆ ಎಂದು ಒಂದು ಮಾತು ಕೇಳಲಿಲ್ಲ. ಪಾದ ಬಾತ ಹೆಂಗಸಿಗೆ ಮುಂದುವರಿಸಿ ಎಂದು ಹೇಳಲು ಅವರು ಯಾರು? ಎಲ್ಲಿ ಓದಿದವರು? ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಅವರ ವಿದ್ಯಾರ್ಹತೆ ಏನು ಎಂದು ನನಗೆ ಬರವಣಿಗೆಯಲ್ಲಿ ಬೇಕು.

ಆಟಿಯ ಕಷಾಯದ ಹೆಸರು ಎತ್ತಿದವರು ನೀವೇ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಆಟಿ ಅಮಾವಾಸ್ಯೆಯ ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲು ಅದಕ್ಕೆ ಹಾಕಿ, ಖಾಲಿ ಹೊಟ್ಟೆಗೆ ಒಂದಿಷ್ಟು ಕುಡಿಯುತ್ತೇವೆ. ಉಷ್ಣ ಎಂದು ಆಮೇಲೆ ಮೆಂತೆ ಗಂಜಿ. ವರ್ಷಕ್ಕೆ ಒಂದೇ ದಿನ. ಅದಕ್ಕೂ ಹಿರಿಯರು ಹಿಂದಿನ ದಿನವೇ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಾರೆ. ಯಾಕೆಂದರೆ ಕತ್ತಲಲ್ಲಿ ವಿಷದ ಕಾಸರಕ ಮರದ ತೊಗಟೆ ಕೈಗೆ ಸಿಕ್ಕಿದರೆ ಕಥೆ ಮುಗಿದಂತೆ. ತಪ್ಪು ತೊಗಟೆಯ ಕಷಾಯ ಕುಡಿದು ಜೀವ ಕಳೆದುಕೊಂಡವರ ಸುದ್ದಿ ನಮ್ಮ ಪೇಪರುಗಳಲ್ಲಿ ಬಂದದ್ದೂ ಇದೆ. ಕಷಾಯದಿಂದ ವರ್ಷವಿಡೀ ರೋಗ ಬರುವುದಿಲ್ಲ ಎಂದು ನಾನು ವಾದ ಮಾಡುವುದಿಲ್ಲ. ಆದರೆ ಯಾವ ಮರ, ಯಾರು ತಂದದ್ದು ಎಂದು ಕೇಳದೆ ನಮ್ಮ ಮನೆಯಲ್ಲಿ ಯಾರೂ ಲೋಟ ಎತ್ತುವುದಿಲ್ಲ. ನೀವು ಕಷಾಯ ಬೇಡ ಎನ್ನುತ್ತೀರಿ, ಕೇಳಿದರೆ ಉತ್ತರವನ್ನೂ ಕೊಡುವುದಿಲ್ಲ. ಅದೂ ದಿನಕ್ಕೆ ಎರಡರಂತೆ, ತಿಂಗಳುಗಟ್ಟಲೆ ತಿನ್ನುವ ವಸ್ತುವಿಗೆ.

ಜೇಷ್ಠಮಧು ಒಂದೇ ಅಲ್ಲ. ಅಮೃತಬಳ್ಳಿ ತಿಂದ ಕೆಲವರ ಲಿವರ್‌ಗೆ ತೊಂದರೆಯಾಯಿತು ಎಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಸಲಿ ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಇನ್ನೊಂದು ಬಳ್ಳಿಯಿಂದ ಹಾಗೆ ಆಗಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸ ಅಲ್ಲ. ಆದರೆ ಎರಡರಲ್ಲಿ ಯಾವುದು ನಿಜವಾದರೂ, ಡಬ್ಬಿಯೊಳಗೆ ಇರುವುದು ಯಾವ ಬಳ್ಳಿ ಎಂದು ಪರೀಕ್ಷೆ ಮಾಡಿ ತೋರಿಸಬೇಕಾದವರು ನೀವು. ಅಶ್ವಗಂಧದಲ್ಲೂ ಬೇರು ಹಾಕಿದ್ದೀರಾ, ಎಲೆ ಹಾಕಿದ್ದೀರಾ ಎಂದು ಬರೆದಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅಶ್ವಗಂಧ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು. ಆ ಮಾತೂ ಇಲ್ಲ.

ನೀವು ಅಳತೆ ಬರೆದಿರುವುದು ಜಿಂಕ್‌ಗೆ ಮಾತ್ರ. ಅಲ್ಲೂ ನೋಡಿ: ಒಂದು ಕ್ಯಾಪ್ಸೂಲಿಗೆ 25 ಮಿಲಿಗ್ರಾಂ, ದಿನಕ್ಕೆ ಎರಡು, ಒಟ್ಟು 50. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯ ಪ್ರಕಾರ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 13.2 ಮಿಲಿಗ್ರಾಂ, ಗಂಡಸರಿಗೆ 17. ದೊಡ್ಡವರು 40 ದಾಟಬಾರದು. ದಾಟಿದ್ದು ತಿಂಗಳುಗಟ್ಟಲೆ ನಡೆದರೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗುತ್ತದೆ. ಹೇಳಿದ ಒಂದು ಅಳತೆಯೇ ಹೀಗಿದ್ದರೆ, ಹೇಳದೆ ಇಟ್ಟ ಏಳರ ಬಗ್ಗೆ ನಾನು ಏನೆಂದುಕೊಳ್ಳಲಿ?

"ಮನೆಮಂದಿಗೆಲ್ಲ" ಎಂಬ ಮಾತೂ ನನಗೆ ಹೆದರಿಕೆ ಹುಟ್ಟಿಸುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ರೋಗ ನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆ ನುಂಗುತ್ತಾರೆ. ಇಲ್ಲದಿದ್ದರೆ ದೇಹ ಹೊಸ ಕಿಡ್ನಿಯನ್ನೇ ಹೊರಗಿನದ್ದು ಎಂದು ಹೊಡೆಯುತ್ತದೆ. ಕೆಲವು ಬಗೆಯ ಸಂಧಿವಾತದಲ್ಲಿ ಆ ಶಕ್ತಿ ಸ್ವಂತ ಗಂಟುಗಳ ಮೇಲೇ ತಿರುಗಿ ಬೀಳುತ್ತದೆ. ಇಂಥವರಿಗೂ ಇಮ್ಯುನಿಟಿ ಜಾಸ್ತಿ ಮಾಡುತ್ತೀರಾ?

ಇನ್ನು ಡೆಂಗೆ. ನಿಮ್ಮ ವಿಡಿಯೋದಲ್ಲಿ "ಡೆಂಗೆಯಿಂದ ರಕ್ಷಣೆ" ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಡಬ್ಬಿಯ ಹಿಂದೆ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣದಾಗಿ, "ಔಷಧವಾಗಿ ಬಳಸಲು ಅಲ್ಲ" ಎಂದಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಇದು ಆಹಾರ. ಆಹಾರ ತಿಂದರೆ ಡೆಂಗೆ ಬರುವುದಿಲ್ಲ ಎಂದು ಮಾರುವ ಹಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 53ನೇ ಕಲಂ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗೆಯಿಂದ ಎಷ್ಟು ನಲುಗಿತು ಎಂದು ಇಲ್ಲಿಯವರಿಗೆ ಗೊತ್ತು. ಆ ಹೆದರಿಕೆಯನ್ನೇ ಹಿಡಿದು ಕ್ಯಾಪ್ಸೂಲ್ ಮಾರುವುದು ಚಂದ ಅಲ್ಲ. ಕ್ಯಾಪ್ಸೂಲ್ ಇದೆಯಲ್ಲ ಎಂದು ಒಬ್ಬರು ತೆಂಗಿನ ಚಿಪ್ಪಿನ ನೀರು ಚೆಲ್ಲದೆ ಬಿಟ್ಟರೂ ಇಡೀ ಬೀದಿಗೆ ತೊಂದರೆ.

ಹಣದ ವಿಷಯ ಚಿಕ್ಕದು, ಆದರೂ ಬಿಡುವುದಿಲ್ಲ. ನಾನು ತರಿಸಿದ್ದು ಒಂದು ಡಬ್ಬಿ. ಮುಂದಿನ ತಿಂಗಳು ಇನ್ನೊಂದು ತಾನಾಗಿಯೇ ಬಂತು, ಖಾತೆಯಿಂದ 1,299 ಕಟ್ ಆಯಿತು. ಕೇಳಿದರೆ "ನೀವು ಆಟೋಪೇ ಒಪ್ಪಿದ್ದೀರಿ" ಎಂದರು. ಆರ್ಡರ್ ಪುಟವನ್ನು ಮತ್ತೆ ತೆರೆದು ನೋಡಿದೆ. ಬೂದು ಬಣ್ಣದ ಸಣ್ಣ ಚೌಕದಲ್ಲಿ ನೀವೇ ಮೊದಲೇ ಟಿಕ್ ಹಾಕಿ ಇಟ್ಟಿದ್ದೀರಿ. ಇಂಥ ಚಂದಾ ಬಲೆಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ನಾನೇ ರದ್ದು ಮಾಡಿದ್ದೇನೆ, ನಿಮ್ಮ ಅನುಮತಿಗೆ ಕಾಯಲಿಲ್ಲ.

ನನಗೆ ಬೇಕಾದದ್ದು ಇಷ್ಟು. ಲಗತ್ತಿಸಿದ ಬ್ಯಾಚಿನ ಒಂದು ಕ್ಯಾಪ್ಸೂಲಿನಲ್ಲಿ ಏಳು ಗಿಡಮೂಲಿಕೆಗಳು ಎಷ್ಟೆಷ್ಟು ಇವೆ, ಪುಡಿಯೋ ಸಾರವೋ, ಗ್ಲೈಸಿರೈಜಿನ್ ಎಷ್ಟು ಎಂದು ಬರೆದು ಕೊಡಿ. ಅದೇ ಬ್ಯಾಚಿನ ಲ್ಯಾಬ್ ವರದಿ ಕೊಡಿ. ಸೀಸ, ಪಾದರಸ, ಆರ್ಸೆನಿಕ್ ಪರೀಕ್ಷೆ ಅದರಲ್ಲಿ ಇರಬೇಕು. "ಕಂಪನಿಯ ಗುಟ್ಟು" ಎಂಬ ಉತ್ತರ ಬೇಡ. ನಿಮ್ಮ ಫಾರ್ಮುಲಾ ಕದ್ದು ನಾನು ಅಂಬಲಪಾಡಿಯಲ್ಲಿ ಫ್ಯಾಕ್ಟರಿ ಹಾಕುವುದಿಲ್ಲ. ಎರಡೂ ಡಬ್ಬಿಯ ಹಣ 2,598 ರೂಪಾಯಿ ಮತ್ತು ಡಾಕ್ಟರ್, ಲ್ಯಾಬ್ ಬಿಲ್ಲಿನ ಹಣ ವಾಪಸ್ ಕೊಡಿ. ಬಿಲ್ಲುಗಳನ್ನೂ ಲಗತ್ತಿಸಿದ್ದೇನೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು ಎಂದು ಡಬ್ಬಿಯ ಮುಂಭಾಗದಲ್ಲಿ, ಕನ್ನಡದಲ್ಲೂ ಹಾಕಿ. ಜಾಹೀರಾತು ಕನ್ನಡದಲ್ಲಿ ಮಾಡಲು ಬರುತ್ತದೆ, ಎಚ್ಚರಿಕೆ ಹಾಕಲು ಯಾಕೆ ಬರುವುದಿಲ್ಲ? ಡೆಂಗೆ ವಿಡಿಯೋ ತೆಗೆಯಿರಿ.

ನಾನು ಆಯುರ್ವೇದದ ವಿರೋಧಿ ಎಂದು ನಿಮ್ಮ ಹುಡುಗರೊಬ್ಬರು ಫೋನಿನಲ್ಲಿ ಹೇಳಿದರು. ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೇ ಇರುವ ಊರು ನಮ್ಮದು. ಅಮ್ಮ ಮಂಡಿನೋವಿಗೆ ಈಗಲೂ ಆಯುರ್ವೇದ ವೈದ್ಯರನ್ನೇ ನೋಡುತ್ತಾರೆ. ಅವರು ನಾಡಿ ನೋಡುತ್ತಾರೆ, ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳುತ್ತಾರೆ, ಆಮೇಲೆ ಚೀಟಿ ಬರೆಯುತ್ತಾರೆ. ನೀವು ಇದರಲ್ಲಿ ಯಾವುದನ್ನೂ ಮಾಡಿಲ್ಲ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ದೂರು ಸಿಕ್ಕಿದೆ ಎಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಡಬ್ಬಿ ಸಮೇತ ಹೋಗುತ್ತದೆ, ಆಮೇಲೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮ ಆಫೀಸು ಎಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ಕೇಸು ಹಾಕಬಹುದು. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ತೆರೆದ ಡಬ್ಬಿಯನ್ನು ನಾನು ಇಟ್ಟುಕೊಳ್ಳುತ್ತೇನೆ, ಪರೀಕ್ಷೆಗೆ ಬೇಕಾಗಬಹುದು. ಒಡೆಯದ ಡಬ್ಬಿಯನ್ನು ನೀವು ತರಿಸಿಕೊಳ್ಳಬಹುದು. ಕೊರಿಯರ್‌ನವರು ಸಂಜೆ ಐದರ ಮೇಲೆ ಬರಲಿ. ಹಗಲಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಮತ್ತು ದಯವಿಟ್ಟು ಅವರ ನಂಬರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ನಿನ್ನೆ ಅವರಿಗೆ "ಶುಗರ್ ಕಂಟ್ರೋಲ್ ಕ್ಯಾಪ್ಸೂಲ್, ಇಂದೇ ಆರ್ಡರ್ ಮಾಡಿ" ಎಂದು ನಿಮ್ಮದೇ ಮೆಸೇಜ್ ಬಂದಿದೆ.

ಇತಿ,
ನಿಮ್ಮ ಗ್ರಾಹಕಿ
ಅಂಬಲಪಾಡಿ, ಉಡುಪಿ