‘ಬೇಡದ ಪ್ರೋಗ್ರಾಂ’ ಎಂದು ತೀರ್ಮಾನಿಸುವವರು ಯಾರು?

ಮಾನ್ಯ ಸಂಪಾದಕರೇ,

ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ) ಹುಡುಕುವ ಸಾಫ್ಟ್‌ವೇರ್ ಸ್ಕ್ಯಾನ್ ಮುಗಿಸಿ ‘32 ಅಪಾಯ ಪತ್ತೆ’ ಎಂದು ಕೆಂಪಕ್ಷರದಲ್ಲಿ ತೋರಿಸಿದರೆ ಹೆಚ್ಚಿನವರು ಹಿಂದೆಮುಂದೆ ನೋಡದೆ ‘ಎಲ್ಲ ತೆಗೆದುಹಾಕು’ ಒತ್ತಿಬಿಡುತ್ತಾರೆ. ಆ 32ರಲ್ಲಿ ಬರೀ ಬ್ರೌಸರ್ ಕುಕೀಗಳೆಷ್ಟು (ವೆಬ್ ತಾಣಗಳು ಬಿಡುವ ಸಣ್ಣ ಗುರುತು ಕಡತಗಳು), ಒಳ್ಳೆಯದರಂತೆ ನಟಿಸಿ ಒಳನುಗ್ಗುವ ನಿಜವಾದ ಟ್ರೋಜನ್ ಎಷ್ಟು, ಯಾವುದೋ ಕಂಪನಿ ‘ಇದು ನಿಮಗೆ ಬೇಡದ್ದು’ ಎಂದು ತಾನೇ ತೀರ್ಮಾನಿಸಿದ ಪ್ರೋಗ್ರಾಂ ಎಷ್ಟು ಎಂದು ಬಿಡಿಸಿ ನೋಡುವವರು ವಿರಳ. ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿ ಒಂದೇ ಬಣ್ಣದಲ್ಲಿ ತೋರಿಸುವುದೇ ಮೊದಲ ಅನ್ಯಾಯ.

ಟ್ರೋಜನ್, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವಿಷಯದಲ್ಲಿ ತಕರಾರು ಕಡಿಮೆ. ಅವು ಕೆಟ್ಟವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಜಗಳವೆಲ್ಲ ‘ಪಿಯುಪಿ’ ಅಥವಾ ‘ಪಿಯುಎ’ ಎಂಬ ವರ್ಗದ್ದು, ಅಂದರೆ ‘ಬಹುಶಃ ಬೇಡದ ಪ್ರೋಗ್ರಾಂ’. ಯಾರಿಗೆ ಬೇಡದ್ದು? ಅದನ್ನು ಹೇಳುವ ಕಂಪನಿಗೂ ತನ್ನದೇ ವ್ಯಾಪಾರವಿದೆ, ಎದುರಾಳಿಗಳಿದ್ದಾರೆ, ವಕೀಲರ ನೋಟಿಸಿನ ಅಳುಕೂ ಇದೆ.

2005ರಲ್ಲಿ ಮೈಕ್ರೋಸಾಫ್ಟ್‌ನ ಆಂಟಿಸ್ಪೈವೇರ್, ಕ್ಲಾರಿಯಾ ಕಂಪನಿಯ ಜಾಹೀರಾತು ಪ್ರೋಗ್ರಾಂ ಸಿಕ್ಕಾಗ ‘ಪ್ರತ್ಯೇಕಿಸಿಡಿ’ ಎಂದು ಹೇಳುತ್ತಿದ್ದುದನ್ನು ಬಿಟ್ಟು ‘ಕಡೆಗಣಿಸಿ’ ಎಂದು ಸಲಹೆ ಕೊಡತೊಡಗಿತು. ಅದೇ ಹೊತ್ತಿಗೆ ಮೈಕ್ರೋಸಾಫ್ಟ್ ಕ್ಲಾರಿಯಾವನ್ನು ಕೊಳ್ಳುವ ಮಾತುಕತೆಯಲ್ಲಿದೆ ಎಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಎಲ್ಲರಿಗೂ ಒಂದೇ ಮಾನದಂಡ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಖರೀದಿ ಕೊನೆಗೂ ನಡೆಯಲಿಲ್ಲ. ಆದರೆ ಬಳಕೆದಾರನ ಪರದೆಯ ಮೇಲಿನ ಸಲಹೆ ಒಂದು ಅಪ್‌ಡೇಟ್‌ನಲ್ಲಿ ತಿರುಗಿಬಿದ್ದಿತ್ತು, ಏಕೆಂಬ ವಿವರಣೆ ಆ ಪರದೆಯಲ್ಲಿ ಇರಲಿಲ್ಲ.

2016ರ ಅಕ್ಟೋಬರಿನಲ್ಲಿ ಇಂಥದೇ ಸುರಕ್ಷತಾ ತಂತ್ರಾಂಶ ಮಾರುವ ಕಂಪನಿ ಮಾಲ್‌ವೇರ್‌ಬೈಟ್ಸ್ ತನ್ನ ಪಿಯುಪಿ ಮಾನದಂಡ ಬದಲಿಸಿತು. ಎದುರಾಳಿ ಎನಿಗ್ಮಾ ಕಂಪನಿಯ ಸ್ಪೈಹಂಟರ್ ಆ ಪಟ್ಟಿಗೆ ಸೇರಿತು, ಪ್ರಕರಣ ಕೋರ್ಟು ಹತ್ತಿತು. ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿದ್ದಿಷ್ಟು: ಪ್ರತಿಸ್ಪರ್ಧಿಯನ್ನು ಮಣಿಸುವ ಉದ್ದೇಶದಿಂದ ತಡೆದಿದ್ದರೆ, ಬೇಡದ್ದನ್ನು ತಡೆಯುವ ಕಂಪನಿಗಳಿಗೆ ದಾವೆಗಳಿಂದ ಇರುವ ಕಾನೂನಿನ ರಕ್ಷಣೆ ಸಿಗದು. ಅದು ಯಾರ ಸಾಫ್ಟ್‌ವೇರ್ ಒಳ್ಳೆಯದು ಎಂಬ ತೀರ್ಪಲ್ಲ. ಆದರೂ ಪಟ್ಟಿ ಮಾಡುವವರ ಉದ್ದೇಶವನ್ನೂ ಪ್ರಶ್ನಿಸಬಹುದು ಎಂಬುದು ಸ್ಥಾಪಿತವಾಯಿತು. ಇದು ದೊಡ್ಡ ಮಾತು.

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು, ಹುಡುಕದೆಯೇ ‘ಸಿಕ್ಕಿತು’ ಎನ್ನುವುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪದ ಪ್ರಕಾರ, ಆಫೀಸ್ ಡಿಪೋ ಮಳಿಗೆಗಳ ‘ಪಿಸಿ ಹೆಲ್ತ್ ಚೆಕ್’ ಸ್ಕ್ಯಾನ್‌ಗೆ ಮುಂಚೆ ಗ್ರಾಹಕನಿಗೆ ನಾಲ್ಕು ಪ್ರಶ್ನೆ ಕೇಳಲಾಗುತ್ತಿತ್ತು: ಕಂಪ್ಯೂಟರ್ ನಿಧಾನವೇ, ಪಾಪ್‌ಅಪ್ ಬರುತ್ತವೆಯೇ, ಇಂಥವು. ಒಂದಕ್ಕೆ ‘ಹೌದು’ ಎಂದು ಗುರುತು ಹಾಕಿದರೂ ‘ಮಾಲ್‌ವೇರ್ ಲಕ್ಷಣ ಕಂಡುಬಂದಿದೆ’ ಎಂದು ತೋರಿಸುತ್ತಿತ್ತು. ಸ್ಕ್ಯಾನ್‌ಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ. 2019ರಲ್ಲಿ ಆಫೀಸ್ ಡಿಪೋ 2.5 ಕೋಟಿ ಡಾಲರ್, ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್‌ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಿ ರಾಜಿಯಾದವು.

ದುರುದ್ದೇಶವಿಲ್ಲದೆಯೂ ತಪ್ಪಾಗುತ್ತದೆ. 2010ರ ಏಪ್ರಿಲ್ 21ರಂದು ಆಂಟಿವೈರಸ್ ಕಂಪನಿ ಮ್ಯಾಕಫಿ ಬಿಟ್ಟ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ಹಿಡಿಯಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೂ ಇದು ದೂರದ ಸಂಗತಿಯಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಕೀಲಿಮಣೆಯ ಪ್ರತಿ ಒತ್ತನ್ನೂ ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸಿ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಹಾಗೆಯೇ ಒತ್ತುಗಳನ್ನು ಹಿಡಿಯುತ್ತದೆ. ವ್ಯತ್ಯಾಸವಿರುವುದು ಹಿಡಿದ ಮೇಲೆ ಏನು ಮಾಡುತ್ತದೆ ಎಂಬುದರಲ್ಲಿ. ವರ್ತನೆ ನೋಡಿ ಅನುಮಾನಿಸುವ ಸ್ಕ್ಯಾನರ್‌ಗೆ ಆ ವ್ಯತ್ಯಾಸ ಯಾವಾಗಲೂ ಕಾಣುವುದಿಲ್ಲ. ಅದರಲ್ಲೂ ಡಿಜಿಟಲ್ ಸಹಿಯಿಲ್ಲದ (ತಯಾರಿಸಿದವರು ಯಾರೆಂದು ದೃಢಪಡಿಸುವ ಗುರುತಿಲ್ಲದ), ಕೆಲವೇ ಜನ ಬಳಸುವ ಸಣ್ಣ ತಂತ್ರಾಂಶವಾದರೆ ಅನುಮಾನ ಇಮ್ಮಡಿ. ಇಂಗ್ಲಿಷ್ ಜಗತ್ತಿನ ಜನಪ್ರಿಯ ತಂತ್ರಾಂಶಗಳಿಗೆ ಹೆಚ್ಚು ಜನ ಬಳಸುವುದರಿಂದ ಸಿಗುವ ‘ಖ್ಯಾತಿಯ ಅಂಕ’ ನಮ್ಮ ಭಾಷೆಯ ತಂತ್ರಾಂಶಗಳಿಗೆ ಸಿಗುವುದು ಕಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಎಚ್ಚರಿಕೆ ಬಂದಾಗ ಮೊದಲು ಪತ್ತೆಯಾದದ್ದರ ಪೂರ್ತಿ ಹೆಸರು ಓದಿ. ‘ಪಿಯುಪಿ’, ‘ಪಿಯುಎ’, ‘ರಿಸ್ಕ್‌ವೇರ್’, ‘ನಾಟ್-ಎ-ವೈರಸ್’ ಎಂದಿದ್ದರೆ ಅದು ಕಂಪನಿಯ ಅಭಿಪ್ರಾಯ. ‘ಜೆನ್’ (Gen), ‘ಹ್ಯೂರ್’ (Heur) ಎಂದಿದ್ದರೆ, ಅಥವಾ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆಯೂ ‘ಎಂಎಲ್’ ಎಂಬ ಎರಡಕ್ಷರವೂ ಇದ್ದರೆ, ಅದು ಹೋಲಿಕೆಯಿಂದ ಮಾಡಿದ ಊಹೆ. ಅಳಿಸಬೇಡಿ, ಕಡತ ಓಡದಂತೆ ಪ್ರತ್ಯೇಕಿಸಿಡುವ ಕ್ವಾರಂಟೈನ್‌ನಲ್ಲಿಡಿ. ತಪ್ಪೆಂದು ಗೊತ್ತಾದರೆ ಡಿಫೆಂಡರ್‌ನಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ಗೆ ಹೋಗಿ ವಾಪಸ್ ಪಡೆಯಬಹುದು. ಅನುಮಾನ ಉಳಿದಿದ್ದರೆ ಅಲ್ಲೇ ಇರಲಿ, ತೆರೆಯಬೇಡಿ.

ಡೌನ್‌ಲೋಡ್ ಮಾಡಿದ ಕಡತವನ್ನು ಓಡಿಸುವ ಮೊದಲೇ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ನಲ್ಲಿ ಡಿಜಿಟಲ್ ಸಹಿ ಯಾರದೆಂದು ನೋಡಿ. ಸಹಿ ಇದ್ದರೆ ಮುಗಿಯಿತು ಎಂದಲ್ಲ, 2010ರಲ್ಲಿ ಬಯಲಾದ ದುಷ್ಟ ಪ್ರೋಗ್ರಾಂ ಸ್ಟಕ್ಸ್‌ನೆಟ್ ಕದ್ದ ಸಹಿ ಹೊತ್ತೇ ಬಂದಿತ್ತು. ಆಮೇಲೆ ವಿಂಡೋಸ್‌ನಲ್ಲಿ ಆದೇಶ ಬರೆದು ಕೊಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆದೇಶ ಕೊಟ್ಟು 64 ಅಕ್ಷರಗಳ ಹ್ಯಾಶ್ (ಕಡತದ ಬೆರಳಗುರುತಿನಂಥದ್ದು) ಪಡೆದು, ಅದನ್ನಷ್ಟೇ ಹಲವು ಕಂಪನಿಗಳ ಸ್ಕ್ಯಾನರುಗಳ ಫಲಿತಾಂಶ ಒಟ್ಟಿಗೆ ತೋರಿಸುವ ತಾಣವಾದ ವೈರಸ್‌ಟೋಟಲ್‌ನಲ್ಲಿ ಹುಡುಕಿ. ಕಡತವನ್ನೇ ಏರಿಸಬೇಡಿ. ಏರಿಸಿದ್ದು ಅಲ್ಲಿನ ಹಣ ತೆರುವ ಚಂದಾದಾರರ ಕೈಗೂ ಸಿಗುತ್ತದೆ. ಪಹಣಿ, ಆಧಾರ್ ಪ್ರತಿಗಳನ್ನಂತೂ ಎಂದೂ ಹಾಕಕೂಡದು.

ಅಲ್ಲಿ ‘70ರಲ್ಲಿ 12’ (70 ಸ್ಕ್ಯಾನರುಗಳಲ್ಲಿ 12 ಅಪಾಯ ಎಂದವು) ಎಂದು ಬಂದರೆ ಹನ್ನೆರಡು ಸ್ವತಂತ್ರ ಸಾಕ್ಷಿ ಎಂದು ಎಣಿಸಬೇಡಿ. ಹಲವು ಕಂಪನಿಗಳು ಪತ್ತೆ ಮಾಡುವ ಒಂದೇ ಎಂಜಿನ್ ಬಾಡಿಗೆಗೆ ಪಡೆದಿರುತ್ತವೆ. 2010ರಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ತಾನೇ ತಯಾರಿಸಿದ 20 ನಿರಪಾಯ ಕಡತಗಳಲ್ಲಿ 10ಕ್ಕೆ ಬೇಕೆಂತಲೇ ಸುಳ್ಳು ಎಚ್ಚರಿಕೆ ಅಂಟಿಸಿ ವೈರಸ್‌ಟೋಟಲ್‌ಗೆ ಕಳಿಸಿದ್ದನ್ನು ಬಹಿರಂಗಪಡಿಸಿತು. ಹತ್ತೇ ದಿನಗಳಲ್ಲಿ ಆ ಕಡತಗಳನ್ನು 14ರವರೆಗೆ ಬೇರೆ ಕಂಪನಿಗಳೂ ಅಪಾಯಕಾರಿ ಎನ್ನತೊಡಗಿದ್ದವು. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡಿದ್ದರು.

ಕಚೇರಿ, ಶಾಲೆ, ಸಹಕಾರ ಸಂಘಗಳಿಗೆ ಇಂಥ ಸಾಫ್ಟ್‌ವೇರ್ ಕೊಳ್ಳುವವರು ಬೆಲೆಯ ಜೊತೆಗೆ ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಸಂಸ್ಥೆ ಎವಿ-ಕಂಪ್ಯಾರಟಿವ್ಸ್ ಪ್ರಕಟಿಸುವ ಸುಳ್ಳು ಎಚ್ಚರಿಕೆಗಳ ಪರೀಕ್ಷೆಯನ್ನೂ ನೋಡಬೇಕು. ಎಷ್ಟು ಹಿಡಿಯಿತು ಎಂಬ ಅಂಕವನ್ನಷ್ಟೇ ಜಾಹೀರಾತುಗಳು ತೋರಿಸುತ್ತವೆ. ಟೆಂಡರಿನಲ್ಲಿ ಮೂರು ಷರತ್ತು ಸೇರಿಸಲಿ: ಪಿಯುಪಿ ಮಾನದಂಡ ಬಹಿರಂಗವಾಗಿರಬೇಕು, ಪ್ರತಿ ಎಚ್ಚರಿಕೆಯಲ್ಲೂ ಕಾರಣ ಕನ್ನಡದಲ್ಲಿ ಇರಬೇಕು, ತಪ್ಪು ಪತ್ತೆಯ ದೂರಿಗೆ ಇಷ್ಟು ದಿನಗಳಲ್ಲಿ ಉತ್ತರ ಎಂಬ ಗಡುವಿರಬೇಕು. ಕನ್ನಡ ತಂತ್ರಾಂಶ ರೂಪಿಸುವವರ ನೆರವಿಗೂ ಸರ್ಕಾರ ಬರಬೇಕು. ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಪ್ರತಿ ವರ್ಷ ತೆರುವ ಹಣ ಉಚಿತವಾಗಿ ತಂತ್ರಾಂಶ ಹಂಚುವವರಿಗೆ ಭಾರ, ಅದನ್ನು ಇಲಾಖೆಯೇ ಭರಿಸಲಿ.

ಇಂತಿ,
ನಿಮ್ಮ ಓದುಗ, ಮೈಸೂರು