ಸ್ಟೂಲ್ ಇದೆ, ಕೂರಲು ಬಿಡುವುದಿಲ್ಲ

ಮಾನ್ಯ ಸಂಪಾದಕರೇ,

ಕಾಸರಗೋಡು ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಹೋಗುವ ನಿಮ್ಮ ಓದುಗರಲ್ಲಿ ಒಂದು ಮನವಿ. ಈ ಸಲ ಸೀರೆ ನೋಡುವ ಮೊದಲು ಕೌಂಟರಿನ ಹಿಂದೆ ಸ್ವಲ್ಪ ಇಣುಕಿ. ಅಲ್ಲೊಂದು ಪ್ಲಾಸ್ಟಿಕ್ ಸ್ಟೂಲ್ ಇರಬಹುದು. ಅದರ ಮೇಲೆ ಬ್ಲೌಸ್ ಪೀಸಿನ ಕಟ್ಟು ಆರಾಮವಾಗಿ ಕೂತಿರುತ್ತದೆ. ಪಕ್ಕದಲ್ಲಿ ನಮ್ಮಂಥವರು ನಿಂತಿರುತ್ತೇವೆ. ಎಲ್ಲ ಅಂಗಡಿಯೂ ಹೀಗೇ ಅಂತ ನಾನು ಹೇಳುವುದಿಲ್ಲ. ನಾನು ಕೆಲಸ ಮಾಡಿದ ಕಡೆ ಹೀಗಿತ್ತು, ಈಗ ಮಾಡುತ್ತಿರುವ ಕಡೆಯೂ ಹೀಗೇ ಇದೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಬೇರೆ ಅಂಗಡಿಯ ಹೆಂಗಸರು ಹೇಳುವುದೂ ಇದನ್ನೇ.

ಆ ಸ್ಟೂಲ್ ಧಣಿಗಳು ದಯೆ ತೋರಿಸಿ ತಂದಿಟ್ಟದ್ದಲ್ಲ. ಅದರ ಹಿಂದೆ ದೊಡ್ಡ ಹೋರಾಟ ಇದೆ. ಕಲ್ಲಿಕೋಟೆಯ ಮಿಠಾಯಿ ತೆರುವು ಅನ್ನುವ ಅಂಗಡಿ ಬೀದಿಯಲ್ಲಿ ದುಡಿಯುವ ಹೆಂಗಸರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಅನ್ನುವವರು ಮತ್ತು ಅವರ ‘ಪೆಣ್‌ಕೂಟ್ಟ್’ ಅನ್ನುವ ಹೆಂಗಸರ ಕೂಟ ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. 2014-15ರಲ್ಲಿ ತ್ರಿಶ್ಶೂರಿನಲ್ಲಿ ಬಟ್ಟೆ ಅಂಗಡಿಯ ಹೆಂಗಸರು ಬೀದಿಯಲ್ಲೇ ಕೂತು ನೂರು ದಿನಕ್ಕೂ ಜಾಸ್ತಿ ಮುಷ್ಕರ ಮಾಡಿದರು. ಕೊನೆಗೆ 2018ರಲ್ಲಿ ಕೇರಳ ಸರ್ಕಾರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಅಂಗಡಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಕೂರುವ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಬಿಡುವು ಸಿಕ್ಕಾಗ ಅವರು ಕೂರಬಹುದು, ಇಡೀ ಹೊತ್ತು ನಿಲ್ಲಿಸಿ ದುಡಿಸುವ ಹಾಗಿಲ್ಲ ಅಂತ ಕಾನೂನಾಯಿತು. 2021ರಲ್ಲಿ ತಮಿಳುನಾಡೂ ಇಂಥದ್ದೇ ತಿದ್ದುಪಡಿ ತಂದಿದೆ.

ಕಾನೂನು ಬಂತು, ಸ್ಟೂಲೂ ಬಂತು. ಕೂತರೆ ಮಾತ್ರ ಕ್ಯಾಬಿನ್ನಿನಿಂದ ಇಂಟರ್‌ಕಾಮ್ ರಿಂಗ್ ಆಗುತ್ತದೆ. ‘ಮೂರನೇ ಕೌಂಟರಿನಲ್ಲಿ ಯಾರದು ಕೂತಿರುವುದು, ಮನೆಯಲ್ಲಿ ಕೂರಲು ಜಾಗ ಇಲ್ವಾ’ ಅಂತ ಕೇಳುತ್ತಾರೆ. ಕಳ್ಳರನ್ನು ಹಿಡಿಯಲು ಹಾಕಿದ ಸಿಸಿಟಿವಿ ಈಗ ನಮ್ಮ ಮಂಡಿ ಎಲ್ಲಿ ಮಡಚಿತು ಅಂತ ನೋಡಲಿಕ್ಕೆ ಇರುವುದು. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ, ಆಗಲೂ ನಿಂತೇ ಇರಬೇಕು, ಸುಮ್ಮನೆ ನಿಲ್ಲಬಾರದು ಅಂತ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಬೇಕು, ರಾತ್ರಿ ಮನೆಗೆ ಹೋಗುವಾಗ ಪಾದ ಊದಿ ಚಪ್ಪಲಿ ಬಿಗಿಯಾಗಿರುತ್ತದೆ. ನಮ್ಮಲ್ಲಿ ಸುಮಾರು ಹೆಂಗಸರು ಹಗಲು ನೀರು ಕುಡಿಯುವುದೇ ಕಡಿಮೆ. ಶೌಚಾಲಯ ಇರುವುದು ಮೇಲಿನ ಮಹಡಿಯಲ್ಲಿ, ಗೋಡೌನಿನ ಹಿಂದೆ. ಹೋಗಿಬರಲು ಸೂಪರ್‌ವೈಸರನ್ನು ಕೇಳಬೇಕು, ಆ ಸೂಪರ್‌ವೈಸರ್ ನಮ್ಮ ಮಗನ ಪ್ರಾಯದ ಹುಡುಗ. ಮೂತ್ರದ ಸೋಂಕು ಬಂದು ರಜೆ ಹಾಕಿದರೆ ಆ ದಿನದ ಸಂಬಳ ಕಟ್.

ವ್ಯಾಪಾರ ಕಡಿಮೆಯಾಗಿದೆ ಅಂತ ಧಣಿಗಳು ಹೇಳುತ್ತಾರೆ. ಅದು ಸುಳ್ಳಲ್ಲ. ಜನ ಮೊಬೈಲಿನಲ್ಲೇ ಬಟ್ಟೆ ತರಿಸುತ್ತಾರೆ, ಮದುವೆ ಜವಳಿಗೆ ಮಂಗಳೂರಿಗೆ ಹೋಗುತ್ತಾರೆ. ಆದರೆ ಇದ್ದ ಸ್ಟೂಲಿನ ಮೇಲೆ ನಾವು ಐದು ನಿಮಿಷ ಕೂತರೆ ಯಾವ ಖರ್ಚು ಬರುತ್ತದೆ? ಸಿಬ್ಬಂದಿ ಕೂತಿದ್ದರೆ ಗಿರಾಕಿಗೆ ಮರ್ಯಾದೆ ಕೊಟ್ಟಹಾಗೆ ಆಗುವುದಿಲ್ಲವಂತೆ. ಓದುಗರೇ, ನೀವೇ ಹೇಳಿ, ನಿಮಗೆ ಯಾವತ್ತಾದರೂ ಹಾಗೆ ಅನಿಸಿದೆಯಾ? ಕೂತ ಹೆಂಗಸು ಎದ್ದು ಬಂದು ಸೀರೆ ತೋರಿಸಿದರೆ ಸೀರೆಯ ಬಣ್ಣ ಮಾಸುತ್ತದಾ?

ಇನ್ನೊಂದು ವಿಷಯ ಇದೆ. ಇದು ನಮ್ಮ ಜಿಲ್ಲೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಕೆಲಸ ಕೇಳಿಕೊಂಡು ಹೋದಾಗ ಮೊದಲ ಪ್ರಶ್ನೆಯೇ ‘ಯಾವೆಲ್ಲ ಭಾಷೆ ಬರುತ್ತದೆ’ ಅಂತ. ಕಾಸರಗೋಡನ್ನು ಸಪ್ತಭಾಷೆಯ ನಾಡು ಅಂತ ಸಭೆಗಳಲ್ಲಿ ಹೊಗಳುತ್ತಾರೆ. ಆ ಏಳು ಭಾಷೆಯನ್ನು ದಿನಾ ಆಡುವವರು ಕೌಂಟರಿನ ಹಿಂದೆ ಇದ್ದಾರೆ. ಪೆರ್ಲದಿಂದ ಬಂದವರಿಗೆ ತುಳು, ಕುಂಬಳೆಯ ಬ್ಯಾರಿ ಕುಟುಂಬಕ್ಕೆ ಬ್ಯಾರಿ, ಮಂಜೇಶ್ವರದ ಕೊಂಕಣಿ ಅಮ್ಮನಿಗೆ ಕೊಂಕಣಿ, ಕಾಞಂಗಾಡಿನವರಿಗೆ ಮಲಯಾಳಂ. ಕನ್ನಡ ಅಂತೂ ನಮ್ಮದೇ. ಇಷ್ಟು ಭಾಷೆಯಲ್ಲಿ ಚೌಕಾಸಿಗೆ ನಗುಮುಖದಿಂದ ಉತ್ತರ ಕೊಡುವುದಕ್ಕೆ ಸಂಬಳದಲ್ಲಿ ಒಂದು ರೂಪಾಯಿ ಜಾಸ್ತಿ ಇಲ್ಲ, ಹೋಗಲಿ ಬಿಡಿ. ಆದರೆ ಸಹಿ ಹಾಕುವ ಕಾಗದ ಬಂದಾಗ ಅದು ಮಲಯಾಳಂ ಇಲ್ಲಾ ಇಂಗ್ಲಿಷಿನಲ್ಲಿ ಇರುತ್ತದೆ. ನಾವು ಸುಮಾರು ಜನ ಕನ್ನಡ ಮಾಧ್ಯಮದಲ್ಲಿ ಓದಿದವರು. ಮಲಯಾಳಂ ಮಾತಾಡುತ್ತೇವೆ, ಕಾನೂನಿನ ಮಲಯಾಳಂ ಓದಲು ಆಗುವುದಿಲ್ಲ. ಏನು ಬರೆದಿದೆ ಅಂತ ಕೇಳಿದರೆ ‘ಎಲ್ಲರೂ ಹಾಕಿದ್ದಾರೆ, ನೀನೂ ಹಾಕು’ ಅನ್ನುತ್ತಾರೆ.

ಹಾಗೆ ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅನ್ನುವುದು ನಮ್ಮ ಜೊತೆಗಿದ್ದ ಒಬ್ಬ ಅಕ್ಕನಿಗೆ ಗೊತ್ತಾದದ್ದು ಕೆಲಸ ಹೋದ ದಿನ. ಅದು ತಾರೀಖು ಹಾಕದ ರಾಜೀನಾಮೆ! ಕೆಲಸಕ್ಕೆ ಸೇರುವಾಗಲೇ ಬರೆಸಿ ಇಟ್ಟುಕೊಂಡಿದ್ದರು. ಮಗಳ ಬಾಣಂತನಕ್ಕೆ ರಜೆ ಕೇಳಿದಳು, ಇವರು ತಾರೀಖು ತುಂಬಿದರು, ಮುಗಿಯಿತು. ಆರು ತಿಂಗಳು ಮೇಲ್ಪಟ್ಟು ದುಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ, ತೆಗೆಯುವುದಾದರೂ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ ಕೊಡಬೇಕು ಅಂತ ಅದೇ 1960ರ ಕಾಯ್ದೆ ಹೇಳುತ್ತದೆ. ತಾನೇ ಬಿಟ್ಟುಹೋದಳು ಅಂತ ಕಾಗದ ಇದ್ದರೆ ನೋಟಿಸೂ ಬೇಡ, ಸಂಬಳವೂ ಬೇಡ. ಎಷ್ಟು ಬುದ್ಧಿವಂತಿಕೆ ನೋಡಿ.

ಸಮಯದ ಲೆಕ್ಕವೂ ಹೀಗೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿಯಾದರೆ ಎರಡು ಪಟ್ಟು ಕೂಲಿ ಅನ್ನುವುದು ನಿಯಮ. ಹೆದ್ದಾರಿ 66ರ ಕೆಲಸದ ಗಲಾಟೆಯಲ್ಲಿ ಬಸ್ ಸಿಕ್ಕಿಹಾಕಿಕೊಂಡು ಬೆಳಿಗ್ಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನ ಕಟ್ ಮಾಡುತ್ತಾರೆ. ರಾತ್ರಿ ಒಂದು ಗಂಟೆ ಜಾಸ್ತಿ ನಿಲ್ಲಿಸಿದರೆ ಅದಕ್ಕೆ ಲೆಕ್ಕವೇ ಇಲ್ಲ. ಓಣಂ, ಪೆರುನ್ನಾಳ್ (ಈದ್) ಸಮಯದಲ್ಲಿ ಬಾಗಿಲು ಹಾಕುವುದು ಯಾವಾಗ ಅಂತ ದೇವರಿಗೇ ಗೊತ್ತು. ರಾತ್ರಿ 9ರ ಮೇಲೆ ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಮನೆಗೆ ತಲುಪಲು ವಾಹನದ ವ್ಯವಸ್ಥೆ ಮಾಡಬೇಕು ಅಂತ 2018ರ ತಿದ್ದುಪಡಿಯಲ್ಲೇ ಇದೆ. ನಮಗೆ ಸಿಕ್ಕಿದ ವಾಹನ ಅಂದರೆ ಗಂಡನೋ ತಮ್ಮನೋ ತರುವ ಸ್ಕೂಟರ್. ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಕೊನೆಯ ಬಸ್ ತಪ್ಪಿದರೆ ರಿಕ್ಷಾಕ್ಕೆ ಆ ದಿನದ ದುಡಿಮೆಯೇ ಹೋಗುತ್ತದೆ. ಅದರ ಮೇಲೆ ಸ್ಟಾಕಿನಲ್ಲಿ ಒಂದು ಚೂಡಿದಾರ್ ಕಡಿಮೆ ಬಂದರೆ ಆ ದುಡ್ಡನ್ನು ಇಡೀ ಫ್ಲೋರಿನ ಹುಡುಗಿಯರ ಸಂಬಳದಿಂದ ಹಂಚಿ ಕತ್ತರಿಸುತ್ತಾರೆ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಅಂತ ಹಣ ಹಿಡಿಯುತ್ತಾರೆ, ಕಾರ್ಡ್ ಕೇಳಿದರೆ ‘ಬರುತ್ತದೆ’ ಅಂತಾರೆ.

ಹಾಗಾದರೆ ದೂರು ಕೊಡಬಹುದಲ್ವಾ ಅಂತ ಕೇಳುವವರಿದ್ದಾರೆ. ಕೊಡಬಹುದು. ಆದರೆ ಇದು ಚಿಕ್ಕ ಪೇಟೆ. ಯಾರು ಕೊಟ್ಟರು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲಿನ ಧಣಿಗಳು ಇಲ್ಲಿನವರಿಗೆ ಫೋನ್ ಮಾಡಿ ‘ಆಕೆ ಹೇಗೆ’ ಅಂತ ಕೇಳುತ್ತಾರೆ. ಇನ್ಸ್‌ಪೆಕ್ಷನ್ ಇದ್ದ ದಿನ ಅದು ಹೇಗೋ ಮೊದಲೇ ತಿಳಿದಿರುತ್ತದೆ. ಆ ದಿನ ಬ್ಲೌಸ್ ಪೀಸಿನ ಕಟ್ಟು ಗೋಡೌನಿಗೆ ಹೋಗುತ್ತದೆ, ಸ್ಟೂಲ್ ಒರೆಸಿ ಇಡುತ್ತಾರೆ, ‘ಸಾರ್ ಬಂದಾಗ ಕೂತಿರಿ’ ಅಂತ ನಮಗೇ ಹೇಳುತ್ತಾರೆ. ನಾವೂ ನಾಟಕದ ಪಾತ್ರದ ಹಾಗೆ ಕೂರುತ್ತೇವೆ.

ಹಾಗಾಗಿ ಕಾರ್ಮಿಕ ಇಲಾಖೆಯವರಲ್ಲಿ ನನ್ನ ಕೋರಿಕೆ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ರಿಜಿಸ್ಟರ್ ನೋಡಿ ಚಹಾ ಕುಡಿದು ಹೋಗಬೇಡಿ. ಹಬ್ಬದ ಸೀಸನಿನಲ್ಲಿ ರಾತ್ರಿ ಒಂಬತ್ತೂವರೆಗೆ ಬನ್ನಿ, ಹೇಳದೆ ಬನ್ನಿ, ಗಿರಾಕಿಗಳ ಹಾಗೆ ಬನ್ನಿ. ಕೆಲಸಗಾರರ ಹಕ್ಕು ಏನು ಅನ್ನುವ ಬೋರ್ಡನ್ನು ಕನ್ನಡದಲ್ಲೂ ಹಾಕಿಸಿ, ಅದನ್ನು ಧಣಿಗಳ ಕ್ಯಾಬಿನ್ನಿನಲ್ಲಿ ಅಲ್ಲ, ನಾವು ಊಟ ಮಾಡುವ ಜಾಗದಲ್ಲಿ ಹಾಕಿಸಿ. ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದ ಜೊತೆ ವ್ಯವಹರಿಸಬಹುದು ಅಂತ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇದೆ. ಅಂದಮೇಲೆ ದೂರಿನ ಫಾರಂ ಕನ್ನಡದಲ್ಲಿ ಸಿಗಬೇಕು, ಕನ್ನಡದಲ್ಲಿ ಕೊಟ್ಟ ದೂರನ್ನು ‘ಮಲಯಾಳಂನಲ್ಲಿ ಬರೆದು ತನ್ನಿ’ ಅಂತ ವಾಪಸ್ ಕಳಿಸಬಾರದು. ದೂರು ಕೊಟ್ಟವರ ಹೆಸರು ಅಂಗಡಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕನ್ನಡಕ್ಕಾಗಿ ಹೋರಾಡುವ ಇಲ್ಲಿನ ಸಂಘದವರೂ ಶಾಲೆ, ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿಎಸ್‌ಸಿ ಜೊತೆಗೆ ಅಂಗಡಿಯಲ್ಲಿ ಸಹಿ ಹಾಕಿಸುವ ಕಾಗದದ ಕಡೆಗೂ ಒಮ್ಮೆ ನೋಡಿದರೆ ಒಳ್ಳೆಯದು.

ಸಂಪಾದಕರೇ, ದಯವಿಟ್ಟು ನನ್ನ ಹೆಸರು ಹಾಕಬೇಡಿ. ಊರಿನ ಹೆಸರೂ ಬೇಡ, ಆ ಕಡೆಯಿಂದ ಬರುವವಳು ನಾನೊಬ್ಬಳೇ.

– ಬಟ್ಟೆ ಅಂಗಡಿಯ ಉದ್ಯೋಗಿ, ಕಾಸರಗೋಡು